ನಿಮಗಿದು ಗೊತ್ತೆ? ಇಲಿಯ ಮಿದುಳಿಗೆ ಸುಳ್ಳು ನೆನಪು

ನಡೆದೇ ಇಲ್ಲದ ಘಟನೆಯ ನೆನಪನ್ನು ಮಿದುಳಿನಲ್ಲಿ ಕೂರಿಸಬಹುದೆ? ಅಮೆರಿಕದ ಎಂಐಟಿಯಲ್ಲಿ ಸುಸುಮು ಟೊನೆಗಾವಾ ಅವರ ತಂಡ 2013ರಲ್ಲಿ ಇದನ್ನು ಇಲಿಗಳಲ್ಲಿ ಸಾಧಿಸಿ ತೋರಿಸಿತು.

ಮೊದಲು ಇಲಿಯನ್ನು ಒಂದು ಪೆಟ್ಟಿಗೆಯಲ್ಲಿ ಓಡಾಡಲು ಬಿಟ್ಟರು. ಅಲ್ಲಿ ಅದಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಆ ಜಾಗವನ್ನು ಗುರುತಿಟ್ಟುಕೊಳ್ಳುವಾಗ ಹಿಪೊಕ್ಯಾಂಪಸ್ ಭಾಗದಲ್ಲಿ ಚುರುಕಾದ ನರಕೋಶಗಳಲ್ಲಿ ಮಾತ್ರ, ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ತಯಾರಾಗುವಂತೆ ಏರ್ಪಾಡು ಮಾಡಲಾಗಿತ್ತು. ಮರುದಿನ ಬೇರೆಯೇ ಪೆಟ್ಟಿಗೆ. ತೆಳುವಾದ ಆಪ್ಟಿಕಲ್ ಫೈಬರ್ ಮೂಲಕ ನೀಲಿ ಬೆಳಕು ಹಾಯಿಸಿ ಅವೇ ಕೋಶಗಳನ್ನು ಎಬ್ಬಿಸಿದರು. ಅದೇ ಹೊತ್ತಿಗೆ ಪಾದಕ್ಕೆ ಸಣ್ಣಗೆ ಕರೆಂಟ್ ಶಾಕ್ ಕೊಟ್ಟರು. ಆಮೇಲೆ ಮೊದಲ ಪೆಟ್ಟಿಗೆಗೆ ಬಿಟ್ಟರೆ ಇಲಿ ಹೆದರಿ, ಅಲ್ಲಾಡದೆ ನಿಂತುಬಿಟ್ಟಿತು!

ಶಾಕ್ ತಗುಲಿದ್ದು ಅಲ್ಲಲ್ಲ. ಆದರೂ ಭಯ ಮಾತ್ರ ಅಪ್ಪಟ ನಿಜ. ಭೀತಿಗೆ ಸಂಬಂಧಿಸಿದ ಅಮಿಗ್ಡಲಾ ಭಾಗವೂ ಆಗ ಚುರುಕಾಗಿತ್ತು.

ಟೊನೆಗಾವಾ 1987ರಲ್ಲಿ ನೊಬೆಲ್ ಪಡೆದದ್ದು ಮಿದುಳಿನ ಸಂಶೋಧನೆಗಲ್ಲ, ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳ ವೈವಿಧ್ಯದ ಹಿಂದಿನ ಜೀನ್ ರಹಸ್ಯ ಬಿಡಿಸಿದ್ದಕ್ಕೆ. ಅಷ್ಟು ಹೆಸರು ಮಾಡಿದ ಮೇಲೂ ಹೊಸ ಕ್ಷೇತ್ರಕ್ಕೆ ಇಳಿದ ಅವರ ಧೈರ್ಯ ಮೆಚ್ಚುವಂಥದ್ದು. 2014ರಲ್ಲಿ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಗಂಡಿಲಿ ಹೆಣ್ಣಿಲಿಯ ಜೊತೆಗಿದ್ದಾಗ ಭಯದ ನೆನಪಿನ ಕೋಶಗಳ ಮೇಲೆ ಬೆಳಕು ಹಾಯಿಸಿ, ಆ ನೆನಪನ್ನೇ ಹಿತವಾಗಿ ಬದಲಾಯಿಸಿತು.