ಪಥ್ಯವೋ, ಗೀಳೋ?

ಕಿತ್ತು 15 ನಿಮಿಷ ಕಳೆದ ತರಕಾರಿಯನ್ನು ಸ್ಟೀವನ್ ಬ್ರಾಟ್‌ಮನ್ ಮುಟ್ಟುತ್ತಿರಲಿಲ್ಲ. ಒಂದೊಂದು ತುತ್ತನ್ನೂ 50 ಬಾರಿ ಅಗಿಯಬೇಕು. 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕೆಲವರು ಕೂಡಿ ಬಾಳುತ್ತಿದ್ದ ತೋಟವೊಂದರಲ್ಲಿ ಅವರು ಅಡುಗೆಯವರು, ಬೇಸಾಯಗಾರರು. ಮುಂದೆ ವೈದ್ಯರಾದ ಅವರು 1997ರಲ್ಲಿ ‘ಯೋಗ ಜರ್ನಲ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಈ ಹಳೆಯ ಅವಸ್ಥೆಗೆ ‘ಆರ್ಥೊರೆಕ್ಸಿಯಾ’ ಎಂದು ಹೆಸರಿಟ್ಟರು. ಎಷ್ಟು ತಿಂದೆ ಎಂಬ ಚಿಂತೆಯಲ್ಲ ಇದು. ತಿಂದದ್ದು ಶುದ್ಧವೇ ಎಂಬ ಗೀಳು.

ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪ, ಜೇನನ್ನೂ ಬಿಟ್ಟ ‘ವೀಗನ್’ ಜನರನ್ನೂ ಇದೇ ಸಾಲಿಗೆ ಸೇರಿಸಬಹುದೇ? ‘ವೀಗನ್’ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1944ರಲ್ಲಿ ಇಂಗ್ಲೆಂಡಿನಲ್ಲಿ ಮರಗೆಲಸದ ಮೇಷ್ಟ್ರು ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದರು. ಬಾಲ್ಯದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಹಂದಿ ಕೊಯ್ದದ್ದನ್ನು ಕಂಡು ಕಂಗೆಟ್ಟ ವಾಟ್ಸನ್, 2005ರಲ್ಲಿ ತೀರಿಕೊಂಡಾಗ 95 ವರ್ಷದವರು. ಅದು ಕನಿಕರ, ಕಾಯಿಲೆಯಲ್ಲ.

ಆದರೂ ವೈದ್ಯರ ಅನುಮಾನಕ್ಕೆ ಕಾರಣವುಂಟು. ತೂಕದ ಭಯದಿಂದ ಊಟವನ್ನೇ ದೂರವಿಡುವ ಹುಡುಗಿಗೆ ‘ನಾನು ವೀಗನ್’ ಎಂಬ ಮಾತು ಒಳ್ಳೆಯ ನೆಪ. ಒತ್ತಾಯಿಸಲು ಯಾರಿಗೂ ಬಾಯಿ ಬರುವುದಿಲ್ಲ. ಮನೆಯವರು ತತ್ವವೆಂದು ಸುಮ್ಮನಾದರೆ ಚಿಕಿತ್ಸೆ ತಡವಾಗುತ್ತದೆ; ತತ್ವವನ್ನೇ ರೋಗವೆಂದು ಬಗೆದರೆ ಮಗಳು ದೂರವಾಗುತ್ತಾಳೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಗಳ ಕೈಪಿಡಿಯಲ್ಲಿ ಆರ್ಥೊರೆಕ್ಸಿಯಾ ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ, 2022ರ ಪರಿಷ್ಕರಣೆಯಲ್ಲೂ ಇಲ್ಲ. ಹಾಗಾಗಿ ಪುಸ್ತಕ ತೆರೆದು ನೋಡಿ ತೀರ್ಮಾನಿಸುವಂತಿಲ್ಲ.

ಕನ್ನಡಿಗರಿಗೆ ಬಿಡುವುದೇನೂ ಹೊಸತಲ್ಲ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯ ಬಂತೆಂದರೆ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ಬೇಳೆಯಿಲ್ಲ. ಜೈನರು ಆಲೂಗಡ್ಡೆ, ಈರುಳ್ಳಿ ಬಿಡುತ್ತಾರೆ. ಇದನ್ನು ಯಾರೂ ಮನೋರೋಗ ಎನ್ನಲಿಲ್ಲ. ಏಕಾದಶಿಯ ಉಪವಾಸವೂ ಮಕ್ಕಳಿಗೆ, ಕಾಯಿಲೆಯವರಿಗೆ ಕಡ್ಡಾಯವಲ್ಲ. ವ್ರತಕ್ಕೆ ಮಣಿಯುವ ಗುಣವಿದೆ. ವೀಗನ್ ಸೊಸೈಟಿಯ ವ್ಯಾಖ್ಯೆಯಲ್ಲೂ ‘ಸಾಧ್ಯವಾದಷ್ಟು, ಕಾರ್ಯಸಾಧ್ಯವಾದಷ್ಟು’ ಎಂಬ ಅರ್ಥದ ಮಾತಿದೆ. ಗೀಳು ಮಾತ್ರ ಯಾರಿಗೂ ಮಣಿಯದು. ಅದರ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ: ಇಂದು ಹಾಲು, ನಾಳೆ ಎಣ್ಣೆ, ನಾಡಿದ್ದು ಬೇಯಿಸಿದ್ದೆಲ್ಲ.

ಬಿ-12 ಜೀವಸತ್ವವನ್ನೇ ನೋಡಿ. ಸಸ್ಯಾಹಾರದಲ್ಲಿ ಇದು ನೆಚ್ಚುವಷ್ಟು ಸಿಗದು; ಕೊರತೆಯಾದರೆ ರಕ್ತಹೀನತೆ, ಕೈಕಾಲು ಜೋಮು, ಕಡೆಗೆ ನರಗಳಿಗೇ ಪೆಟ್ಟು. ಹಸುವಿನ ಮೇಲಿನ ಕರುಣೆಯಿಂದ ಹಾಲು ಬಿಟ್ಟವರು ಬಿ-12 ಮಾತ್ರೆ ನುಂಗಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇನ್ನೊಬ್ಬರಿಗೆ ಆ ಮಾತ್ರೆಯೂ ಅಶುದ್ಧ. ಮದುವೆಯೂಟದ ಉಪ್ಪಿಟ್ಟಿನಲ್ಲಿ ತುಪ್ಪವಿತ್ತೆಂದು ತಿಳಿದರೆ ಮೊದಲಿನವರು ಬೇಸರಪಟ್ಟು ಎಲೆಯ ಬದಿಗೆ ಸರಿಸುತ್ತಾರೆ. ಎರಡನೆಯವರು ಎರಡು ದಿನ ಉಪವಾಸ ಬಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ, ಮುಂದಿನ ಮದುವೆಗೆ ಹೋಗುವುದೇ ಇಲ್ಲ. ವೈದ್ಯರ ಬಳಿ ಕರೆದೊಯ್ಯಬೇಕಾದವರು ಇವರು. ಬ್ರಾಟ್‌ಮನ್ ಕೂಡ ಮುಂದೆ, ವೀಗನ್ ಆಗಿರುವುದೇ ಆರ್ಥೊರೆಕ್ಸಿಯಾ ಅಲ್ಲ ಎಂದು ಸ್ಪಷ್ಟಪಡಿಸಿದ್ದಾರೆ.