ಹನ್ನೊಂದಕ್ಕೆ ಇಳಿಸಿದ ಅನ್ನ

ಖಾನಾವಳಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಒಲೆಯಿಂದ ಇಳಿಸಿದ ದೊಡ್ಡ ಬೋಗುಣಿಯ ಅನ್ನ ಸಂಜೆ ನಾಲ್ಕಾದರೂ ನಡುಭಾಗದಲ್ಲಿ ಬೆಚ್ಚಗೇ ಇರುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮೇ ತಿಂಗಳ ಬಿಸಿಲೇ 42 ಡಿಗ್ರಿ ಮುಟ್ಟುವಾಗ ಅದು ಆರುವುದಾದರೂ ಹೇಗೆ? ಅಕ್ಕಿಯ ಜೊತೆಗೇ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಹೊತ್ತು ಕಳೆದಂತೆ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ ಒಂದು ಇದ್ದದ್ದು ಐದು ಗಂಟೆಯಲ್ಲಿ 32,768 ಆಗುತ್ತದೆ. ರಾತ್ರಿ ಅದೇ ಅನ್ನ ಒಗ್ಗರಣೆ ಹಾಕಿಸಿಕೊಂಡು ಬಿಸಿಬಿಸಿಯಾಗಿ ತಟ್ಟೆಗೆ ಬರುತ್ತದೆ. ವಿಷ ಆ ಕಾವಿಗೆ ನಾಶವಾಗುವುದಿಲ್ಲ, ರುಚಿ ವಾಸನೆ ಕೆಟ್ಟಿರಬೇಕೆಂದೂ ಇಲ್ಲ. ಆಹಾರ ಸುರಕ್ಷತಾ ಅಧಿಕಾರಿ ಹನ್ನೆರಡಕ್ಕೆ ಬಂದು ಮುಚ್ಚಳ ತೆಗೆದಿದ್ದರೆ ಕಾಣುತ್ತಿದ್ದುದು ಹಬೆಯಾಡುವ ಒಳ್ಳೆಯ ಅನ್ನವೇ. ತಪಾಸಣೆ ನೋಡುವುದು ಒಂದು ಗಳಿಗೆಯನ್ನು, ಕಾಯಿಲೆ ತಯಾರಾಗುವುದು ಹಲವು ಗಂಟೆಗಳಲ್ಲಿ. ಅಧಿಕಾರಿ ಎಷ್ಟೇ ಪ್ರಾಮಾಣಿಕರಾದರೂ ಈ ಅಂತರ ಉಳಿದೇ ಉಳಿಯುತ್ತದೆ.

ಕಣ್ಣಿಗೆ ಕಾಣುವ ಸ್ವಚ್ಛತೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಈ ಭಾಗದ ನೆಲ ಸುಣ್ಣಕಲ್ಲಿನದು. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳೂ ಶಹಾಬಾದಿನ ಹಾಸುಗಲ್ಲೂ ಅದರಿಂದಲೇ ಬಂದವು. ಅಂಥ ಕಲ್ಲಿನ ಪದರುಗಳಲ್ಲಿ ಹಾದು ಬರುವ ಬೋರ್ ನೀರು ಗಡಸಾಗುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡುವ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟಾಗಿ ತಟ್ಟೆಗೆ ಅಂಟುತ್ತದೆ, ಎಣ್ಣೆಪಸೆ ಹೋಗದೆ ಉಳಿಯುತ್ತದೆ, ಆ ಪಸೆಯಲ್ಲಿ ಸೂಕ್ಷ್ಮಾಣುಗಳಿಗೆ ನೆಲೆ ಸಿಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ನಡೆಸುವ ಖಾನಾವಳಿ ಒಂದೇ ಬಕೆಟ್ಟಿನಲ್ಲಿ ಎಷ್ಟು ತಟ್ಟೆ ಅದ್ದೀತು ಎಂದು ಬೇರೆ ಹೇಳಬೇಕಿಲ್ಲ. ಹುಣಸೆ, ನಿಂಬೆಯ ಹುಳಿ ಬಿದ್ದಲ್ಲೆಲ್ಲ ಶಹಾಬಾದ್ ಕಲ್ಲಿನ ಅಡುಗೆ ಕಟ್ಟೆ ಸವೆದು ಒರಟಾಗುತ್ತದೆ. ಒದ್ದೆ ಅರಿವೆಯಿಂದ ಒಮ್ಮೆ ಒರೆಸಿದರೆ ಕಟ್ಟೆ ಮಿರುಗುತ್ತದೆ, ನೋಡಿದವರಿಗೆ ತೃಪ್ತಿಯಾಗುತ್ತದೆ. ಕೋಳಿ ಕತ್ತರಿಸಿದ ಜಾಗವನ್ನೂ ಗಿರಾಕಿಯ ಮೇಜನ್ನೂ ಒರೆಸಿದ್ದು ಅದೇ ಅರಿವೆ ಎಂಬುದು ಮಾತ್ರ ಆ ಮಿರುಗಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬಹುದಲ್ಲ ಎನ್ನಬಹುದು. ಕೆಲವು ವಿಷಯಕ್ಕೆ ಅದು ಚೆನ್ನಾಗಿ ಒದಗುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ರೋಡಮೈನ್-ಬಿ ಎಂಬ ಬಣ್ಣದ ಬಳಕೆಗೆ ನಿಷೇಧ ಬಂತು. ಆದರೆ ಬಣ್ಣ ಬೇಕೆಂದೇ ಬೆರೆಸಿದ್ದು, ಎಲ್ಲ ತಟ್ಟೆಗೂ ಸಮನಾಗಿ ಹರಡಿದ್ದು, ನಾಳೆಯೂ ಇರುವಂಥದ್ದು. ಸೂಕ್ಷ್ಮಾಣು ಹಾಗಲ್ಲ. ನೂರಕ್ಕೊಂದು ತಟ್ಟೆ ಕೆಟ್ಟಿದೆ ಎನ್ನಿ. ಯಾವುದೋ ಐದು ತಟ್ಟೆ ಪರೀಕ್ಷಿಸಿದರೆ ಅದು ಕೈಗೆ ಸಿಗದೆ ಹೋಗುವ ಸಂಭವವೇ ಶೇ 95. ಸಾಲದ್ದಕ್ಕೆ ವರದಿ ಕೊಡಲು ಕಾನೂನೇ ವಿಶ್ಲೇಷಕರಿಗೆ 14 ದಿನ ಕೊಟ್ಟಿದೆ. ಅಷ್ಟರಲ್ಲಿ ಊಟ ಅರಗಿರುತ್ತದೆ, ಇಲ್ಲವೇ ಅರಗದೆ ಆಸ್ಪತ್ರೆ ಸೇರಿಸಿರುತ್ತದೆ. 1960ರ ದಶಕದಲ್ಲಿ ಗಗನಯಾತ್ರಿಗಳ ಊಟ ತಯಾರಿಸುವಾಗ ಅಮೆರಿಕದ ನಾಸಾ ಮತ್ತು ಪಿಲ್ಸ್‌ಬರಿ ಕಂಪನಿಗೆ ಇದೇ ತೊಡಕು ಎದುರಾಯಿತು. ಖಚಿತವಾಗುವಷ್ಟು ಪರೀಕ್ಷಿಸಿದರೆ ತಿನ್ನಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಹಾಗಾಗಿ ತಯಾರಾದ ಊಟವನ್ನು ಪರೀಕ್ಷಿಸುವ ಬದಲು ತಯಾರಿಯ ಯಾವ ಹಂತದಲ್ಲಿ ಅಪಾಯವಿದೆಯೋ ಅಲ್ಲೇ ಕಾವಲಿಡುವ ಕ್ರಮ ಹುಟ್ಟಿತು.

ನಮ್ಮಲ್ಲಿ ಕಾವಲು ಬರುವುದು ಅನಾಹುತದ ಬೆನ್ನಿಗೆ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ರೋಗಿಗಳಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಕೇರಳದ ಉದ್ದಗಲಕ್ಕೂ ದಾಳಿಗಳು ನಡೆದದ್ದು ಆಮೇಲೆ. ದಾಳಿಯಿಂದ ಭಯ ಹುಟ್ಟುತ್ತದೆ, ಅದೂ ಬೇಕು. ಆದರೆ ಭಯಕ್ಕೆ ಆಯುಸ್ಸು ಕಡಿಮೆ.

ಖಾರ, ಕುದಿಯುವ ಎಣ್ಣೆ, ಅಭ್ಯಾಸವಾದ ಹೊಟ್ಟೆ ಇರುವಾಗ ಇಷ್ಟೆಲ್ಲ ಯಾಕೆ ಎಂಬ ಮಾತೂ ಇದೆ. ಮಿರ್ಚಿ ಭಜಿ ಎಣ್ಣೆಯಲ್ಲಿ ಬೇಯುತ್ತದೆ, ಪಕ್ಕದ ಹಸಿ ಈರುಳ್ಳಿಯೂ ಚಟ್ನಿಯೂ ಬೇಯುವುದಿಲ್ಲ. ಅಡುಗೆಯವರ ಬೆರಳಿನ ಕೀವುಗಾಯದಿಂದ ಬರುವ ಸ್ಟ್ಯಾಫಿಲೊಕಾಕಸ್ ಕಾಯಿಸಿದರೆ ಸಾಯುತ್ತದೆ, ಅದು ಆಗಲೇ ಬಿಟ್ಟಿರುವ ವಿಷ ಉಳಿಯುತ್ತದೆ. ಬಡ ಬಂಡಿಯವರ ಮೇಲೆ ಇಷ್ಟು ಹೊರೆ ಹಾಕಬೇಕೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಕೊಳಕು ಅಡುಗೆಮನೆಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 56ನೇ ಕಲಂ 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಬಂಡಿಯವರಿಗೆ ಅದು ವ್ಯಾಪಾರವನ್ನೇ ಮುಚ್ಚಿಸುವ ಮೊತ್ತ. ಅನ್ನವನ್ನು ಅಗಲ ಪರಾತಕ್ಕೆ ತೆಳ್ಳಗೆ ಹರಡಿ ಆರಿಸುವುದಕ್ಕೆ, ಇಳಿಸಿದ ಹೊತ್ತನ್ನು ಬೋಗುಣಿಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದಕ್ಕೆ ಅಂಥ ಖರ್ಚೇನೂ ಇಲ್ಲ. ತಪಾಸಣೆಗೆ ಬಂದವರು ಟೈಲ್ಸ್ ನೋಡುವ ಮೊದಲು ಆ ಬರಹ ನೋಡಿದರೆ ತಾವಿಲ್ಲದ ಗಂಟೆಗಳ ಲೆಕ್ಕವೂ ಸಿಗುತ್ತದೆ. ನಿಜವಾಗಿ ದುಬಾರಿಯಾದದ್ದು ಬೇರೆ ಇದೆ. ಭೇದಿ, ಜ್ವರ ಇದ್ದವರನ್ನು ಅಡುಗೆಗೆ ಬಿಡಬಾರದೆಂದು ನಿಯಮವಿದೆ. ಆ ದಿನದ ಪಗಾರ ಯಾರು ಕೊಡಬೇಕೆಂದು ಅದರಲ್ಲಿಲ್ಲ. ದಿನಗೂಲಿಯ ಸಪ್ಲೈಯರ್ ಹೊಟ್ಟೆ ಹಿಡಿದುಕೊಂಡೇ ಕೆಲಸಕ್ಕೆ ಬರುತ್ತಾನೆ, ಕೇಳಿದರೆ ಆರಾಮಿದ್ದೇನೆ ಅನ್ನುತ್ತಾನೆ.