ಚಿಪ್ಪು ಕೊರೆಯುವ ಗರಗಸಕ್ಕೆ ತಕ್ಕ ಅಲಗು

ತಿಪಟೂರು, ಅರಸೀಕೆರೆ ಕಡೆಯ ರೈತರಿಗೆ ತೆಂಗಿನ ಚಿಪ್ಪಿನ ರಾಶಿ ಹೊಸದಲ್ಲ. ಒಲೆಗೆ ಹಾಕುವ ಬದಲು ಗುಂಡಿ, ಪದಕ, ಓಲೆ ಮಾಡಿ ನಾಲ್ಕು ಕಾಸು ನೋಡೋಣವೆಂದು ಸ್ಕ್ರೋಲ್ ಗರಗಸ ಕೊಂಡಿದ್ದೀರಾ? ದಾರದಂಥ ಅಲಗು ಮೇಲೆ ಕೆಳಗೆ ಆಡುವ ಈ ಯಂತ್ರ ಬೆಲೆಯುಳ್ಳದ್ದು. ಆದರೆ ಅಲಗುಗಳು ಒಂದರ ಮೇಲೊಂದು ತುಂಡಾಗತೊಡಗಿದರೆ ಯಂತ್ರ ಅಟ್ಟ ಸೇರುತ್ತದೆ, ಹಾಕಿದ ಹಣವೂ ಅದರ ಜೊತೆಗೇ ಹೋಗುತ್ತದೆ. ತಪ್ಪು ಬಹುಪಾಲು ಯಂತ್ರದ್ದಲ್ಲ, ಅಲಗಿನ ಆಯ್ಕೆಯದು.

ಕೊರೆಯುವ ವಸ್ತುವಿನ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲಾದರೂ ಇರಬೇಕು. ಒಂದೇ ಹಲ್ಲು ಸಿಕ್ಕಿದರೆ ಅದು ಅಂಚಿಗೆ ತಗುಲಿ ಚಿಪ್ಪನ್ನು ಎಳೆದು ಸಿಡಿಸುತ್ತದೆ. ಚಿಪ್ಪಿನ ದಪ್ಪ ಸುಮಾರು ಮೂರು ನಾಲ್ಕು ಮಿಲಿಮೀಟರ್. ಅದಕ್ಕೆ ಅಂಗುಲಕ್ಕೆ 20ರಿಂದ 28 ಹಲ್ಲುಗಳಿರುವ ಸಣ್ಣ ಅಲಗು ಬೇಕು. ಮುಕ್ಕಾಲು ಅಂಗುಲದ ಹಲಗೆಗಾದರೆ 5 ಅಥವಾ 7ನೇ ನಂಬರು ಸಾಕು. ನಂಬರು ಹೆಚ್ಚಿದಂತೆ ಅಲಗು ಅಗಲ, ಹಲ್ಲು ಒರಟು. ಅಗಲದ ಅಲಗು ಗಟ್ಟಿಯೆಂದು ಚಿಪ್ಪಿಗೂ ಅದನ್ನೇ ಹಾಕುವುದು ಸಾಮಾನ್ಯ ತಪ್ಪು. ಬಿಗಿ ತಿರುವಿನಲ್ಲಿ ಅದು ತಿರುಗುವುದೇ ಇಲ್ಲ.

ತುದಿಯಲ್ಲಿ ಅಡ್ಡ ಪಿನ್ನು ಇರುವವು, ಇಲ್ಲದವು ಎಂದು ಎರಡು ಬಗೆಯ ಅಲಗುಗಳಿವೆ. ಪಿನ್ನಿನದು ಸಿಕ್ಕಿಸಲು ಸುಲಭ. ಆದರೆ ಪದಕದ ಒಳಗಿನ ಚಿತ್ತಾರಕ್ಕೆ ಪಿನ್ನು ತೂರುವಷ್ಟು ದೊಡ್ಡ ರಂಧ್ರ ಕೊರೆಯಬೇಕಾಗುತ್ತದೆ. ಚಿಪ್ಪಿನ ಕೆಲಸಕ್ಕೆ ಪಿನ್ನಿಲ್ಲದ್ದೇ ಮೇಲು. ಕೊಳ್ಳುವ ಮೊದಲು ನಿಮ್ಮ ಯಂತ್ರ ಅದನ್ನು ಹಿಡಿಯುತ್ತದೆಯೇ ಎಂದು ನೋಡಿ. ಸುತ್ತಲೂ ಹಲ್ಲಿರುವ ತಿರುಚಿದ ಅಲಗು ಎಲ್ಲ ದಿಕ್ಕಿಗೂ ಕೊರೆಯುತ್ತದೆ ನಿಜ, ಆದರೆ ಅಂಚು ಒರಟಾಗುತ್ತದೆ. ಕಲಿಯುವವರಿಗೆ ಅದು ಬೇಡ.

ಜೋಡಿಸುವ ಮುನ್ನ ಪ್ಲಗ್ಗನ್ನೇ ಕಿತ್ತುಬಿಡಿ. ಹೇಗೂ ಕರೆಂಟಿಲ್ಲವಲ್ಲ ಎಂದು ಬದಲಿಸಲು ಕೂತರೆ, ಹಳ್ಳಿಯ ಕರೆಂಟು ಹೇಳಿ ಬರುವುದಿಲ್ಲ. ಹಲ್ಲುಗಳು ನಿಮ್ಮ ಕಡೆಗಿದ್ದು, ಮೊನೆ ಕೆಳಮುಖವಾಗಿರಬೇಕು. ಹಲ್ಲು ಕಣ್ಣಿಗೆ ಕಾಣದಷ್ಟು ಸಣ್ಣದಾದರೆ ಬಟ್ಟೆಯ ಚೂರನ್ನು ಮೆಲ್ಲಗೆ ಮೇಲಕ್ಕೆ ಸವರಿ. ಬಟ್ಟೆ ಸಿಕ್ಕಿಕೊಂಡರೆ ಸರಿಯಾಗಿದೆ. ತಲೆಕೆಳಗಾಗಿ ಹಾಕಿದರೆ ಅಲಗು ಚಿಪ್ಪನ್ನೇ ಮೇಜಿನಿಂದ ಎತ್ತಿ ಕುಣಿಸುತ್ತದೆ. ಬಿಗಿ ಮಾಡಿದ ಮೇಲೆ ಬೆರಳಿನಿಂದ ಮೀಟಿ ನೋಡಿ. ತಂತಿಯಂತೆ ಟಿಣ್ ಎನ್ನಬೇಕು. ಮಂದ ಸದ್ದು ಬಂದರೆ ಇನ್ನೂ ಸಡಿಲವೆಂದು ತಿಳಿಯಿರಿ. ಸಡಿಲ ಅಲಗು ಗೆರೆ ಬಿಟ್ಟು ಓಡುತ್ತದೆ, ಬೇಗ ತುಂಡಾಗುತ್ತದೆ.

ಚಿಪ್ಪು ಡೊಂಕಾದ್ದರಿಂದ ಮೇಜಿನ ಮೇಲೆ ತೊನೆಯುತ್ತದೆ. ಕೊರೆಯುವ ಜಾಗ ಸದಾ ಮೇಜಿಗೆ ತಗುಲಿರುವಂತೆ ಹಿಡಿದು, ಯಂತ್ರವನ್ನು ನಿಧಾನ ವೇಗದಲ್ಲಿ ನಡೆಸಿ. ತಳ್ಳಬೇಡಿ, ಅಲಗು ತಾನೇ ತಿನ್ನಲಿ. ಬಲ ಹಾಕಬೇಕೆನಿಸಿದರೆ ಹಲ್ಲು ಸವೆದಿದೆ ಎಂದೇ ಅರ್ಥ. ಮೂಗಿಗೆ ಬಟ್ಟೆ ಕಟ್ಟಿರಿ; ಚಿಪ್ಪಿನ ಧೂಳು ಬಹಳ ನುಣುಪು.

ಅಲಗುಗಳನ್ನು ಡಜನ್ ಲೆಕ್ಕದಲ್ಲಿ ತಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಸವರಿಡುವವರು, ಜೋಡಿಸುವಾಗ ಎರಡೂ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಬೇಕು. ಎಣ್ಣೆ ಉಳಿದರೆ ಹಿಡಿಕೆಯಿಂದ ಅಲಗು ಜಾರುತ್ತದೆ.